ಕಥೆ ಹೊತ್ತ ಒಡವೆಗಳು

ಪೂರ್ವಿಕರು ಬಳಸಿದ ವಸ್ತುಗಳಲ್ಲಿ ಮಾನವನಿಗೆ ಸಹಜವಾದ ಮಮತೆಯುಂಟು. ಪೇಟೆಯಲ್ಲಿ ಕಾಸಿಗೂ ಬಾಳದ ಹರಕು ಬಟ್ಟೆಯಾಗಲಿ, ಸವೆದ ನಾಣ್ಯವಾಗಲಿ, ಒರಟು ಕಲ್ಲಾಗಲಿ ಹತ್ತಾರು ತಲೆಮಾರುಗಳ ನೆನಪನ್ನು ಹೊತ್ತು ನಿಂತಾಗ ಮನೆಯವರ ಕಣ್ಣಿಗೆ ರತ್ನಕ್ಕಿಂತ ಮಿಗಿಲಾಗಿ ಕಾಣುತ್ತದೆ. ಅಂತಹ ವಸ್ತು ಎಂದೂ ಒಂಟಿಯಾಗಿ ಉಳಿಯುವುದಿಲ್ಲ. ಅದರ ಸುತ್ತ ಒಂದು ಕಥೆ ಹುಟ್ಟುತ್ತದೆ. ತಂದೆಯಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ವಸ್ತುವಿನೊಡನೆ ಆ ಕಥೆಯೂ ಸಾಗುತ್ತದೆ. ಸಾಗುತ್ತ ಸಾಗುತ್ತ ಬೆಳೆಯುತ್ತದೆ. ಕೊನೆಗೆ ವಸ್ತುವಿನಲ್ಲಿ ಇರುವುದೆಷ್ಟು, ಕಥೆ ಸೇರಿಸಿದುದೆಷ್ಟು ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಹೀಗೆ ಬೇರ್ಪಡಿಸುವುದು ಇತಿಹಾಸಕಾರನ ಕೆಲಸ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಅರಿಯಲು ಸ್ಕಾಟ್ಲೆಂಡಿನ ಪುರಾತನ ಒಡವೆಗಳು ಒಳ್ಳೆಯ ನಿದರ್ಶನಗಳಾಗಿವೆ.

ಬ್ರಿಟನ್ ದ್ವೀಪದ ಉತ್ತರ ಭಾಗವೇ ಸ್ಕಾಟ್ಲೆಂಡ್. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾಗುವವರೆಗೆ ಅದಕ್ಕೆ ತನ್ನದೇ ಆದ ಸಂಸತ್ತು ಇತ್ತು. ಅದರ ಉತ್ತರ ಮತ್ತು ಪಶ್ಚಿಮದ ಬೆಟ್ಟನಾಡನ್ನು ಹೈಲ್ಯಾಂಡ್ ಎಂದು ಕರೆಯುತ್ತಾರೆ. ಅಲ್ಲಿ ಜನ ಕುಲಕುಲಗಳಾಗಿ ಬಾಳುತ್ತಿದ್ದರು. ಪ್ರತಿಯೊಂದು ಕುಲಕ್ಕೂ ಒಬ್ಬ ನಾಯಕ, ಒಂದು ಕೋಟೆ, ಹಳೆಯ ಕಾಳಗಗಳ ನೆನಪು ಇದ್ದುವು. ಇಂಗ್ಲೆಂಡಿನ ಅರಸರೊಡನೆ ಶತಮಾನಗಳ ಕಾಲ ಹೋರಾಡಿದ ಈ ಜನರಿಗೆ ತಮ್ಮ ಹಿರಿಮೆಯನ್ನು ಸಾರಲು ಸಾಕ್ಷಿಗಳು ಬೇಕಾಗಿದ್ದುವು. ಆದುದರಿಂದ ಅಲ್ಲಿನ ಒಡವೆಗಳಿಗೆ ಅಂಟಿದ ಕಥೆಗಳನ್ನು ಬರಿಯ ಹೊತ್ತು ಕಳೆಯುವ ಕಥೆಗಳೆಂದು ತಿಳಿಯಲಾಗದು. ಅವುಗಳ ಹಿಂದೆ ಒಂದು ಜನಾಂಗದ ಮಾನದ ಪ್ರಶ್ನೆಯಿತ್ತು.

ಈ ಒಡವೆಗಳಲ್ಲಿ ಮೊದಲನೆಯದು ‘ವಿಧಿಯ ಶಿಲೆ’. ಅದು ಸುಮಾರು 152 ಕಿಲೋಗ್ರಾಂ ತೂಕದ, ಅಲಂಕಾರವಿಲ್ಲದ ಮರಳುಗಲ್ಲು. ಸ್ಕೋನ್ ಎಂಬ ಊರಿನಲ್ಲಿ ಸ್ಕಾಟ್ಲೆಂಡಿನ ಅರಸರು ಈ ಕಲ್ಲಿನ ಮೇಲೆ ಪಟ್ಟಕ್ಕೆ ಬರುತ್ತಿದ್ದರು. 1296ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದಂಡೆತ್ತಿ ಬಂದು ಗೆದ್ದಾಗ ಅದನ್ನು ಕಿತ್ತು ಲಂಡನ್ನಿಗೆ ಸಾಗಿಸಿದನು. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಪಟ್ಟಾಭಿಷೇಕದ ಪೀಠವೊಂದನ್ನು ಮಾಡಿಸಿ ಅದರೊಳಗೆ ಇರಿಸಿದನು. ಸೋತ ನಾಡಿನ ಸಿಂಹಾಸನವೇ ಗೆದ್ದವನ ಆಸನದ ಅಡಿಗಲ್ಲಾಯಿತು.

ಈ ಕಲ್ಲಿಗೆ ಅಂಟಿದ ಐತಿಹ್ಯ ಬಹು ದೊಡ್ಡದು. ಬೈಬಲ್ಲಿನ ಯಾಕೋಬನು ಬಯಲಿನಲ್ಲಿ ಮಲಗಿ ಸ್ವರ್ಗದ ಏಣಿಯನ್ನು ಕನಸಿನಲ್ಲಿ ಕಂಡಾಗ ತಲೆಯ ಕೆಳಗೆ ಇರಿಸಿಕೊಂಡಿದ್ದ ಕಲ್ಲು ಇದೇ ಎಂದು ಕೆಲವರು ಹೇಳಿದರು. ಈಜಿಪ್ಟಿನ ಫೇರೋ ದೊರೆಯ ಮಗಳಾದ ಸ್ಕೋಟಾ ಎಂಬವಳು ಅದನ್ನು ತಂದಳು, ಅವಳಿಂದಲೇ ಸ್ಕಾಟ್ ಜನರಿಗೆ ಆ ಹೆಸರು ಬಂದಿತು ಎಂದು ಮತ್ತೆ ಕೆಲವರು ಹೇಳಿದರು. ಇದು ಒಲೆಯ ಮುಂದೆ ಕುಳಿತು ಹೇಳಿದ ಅಡಗೂಲಜ್ಜಿಯ ಕಥೆಯಾಗಿ ಉಳಿಯಲಿಲ್ಲ. 1301ರಲ್ಲಿ ಪೋಪ್ ಎಂಟನೆಯ ಬೋನಿಫೇಸನ ಮುಂದೆ ಎರಡು ರಾಜ್ಯಗಳ ವ್ಯಾಜ್ಯ ಬಂದಿತು. ಟ್ರಾಯ್ ನಗರದಿಂದ ಬಂದ ಬ್ರೂಟಸ್ ಎಂಬ ವೀರನು ಬ್ರಿಟನ್ನಿಗೆಲ್ಲ ಒಡೆಯನಾಗಿದ್ದನು, ಆ ಹಕ್ಕು ತನಗೆ ಬಂದಿದೆ ಎಂದು ಎಡ್ವರ್ಡ್ ಬರೆದು ಕಳುಹಿಸಿದನು. ಸ್ಕಾಟ್ಲೆಂಡಿನ ಪರವಾಗಿ ವಾದಿಸಿದ ಬಾಲ್ಡ್ರೆಡ್ ಬಿಸೆಟ್ ಎಂಬ ಪಂಡಿತನು ಸ್ಕೋಟಾಳ ಕಥೆಯನ್ನೂ ಅವಳು ತಂದ ಕಲ್ಲನ್ನೂ ಮುಂದಿಟ್ಟನು. ಒಂದು ಐತಿಹ್ಯಕ್ಕೆ ಇನ್ನೊಂದು ಐತಿಹ್ಯವೇ ಉತ್ತರವಾಯಿತು. ನಾಡಿನ ಸ್ವಾತಂತ್ರ್ಯವೇ ಪಣವಾಗಿದ್ದಾಗ ಕಥೆಯೂ ಕತ್ತಿಯಂತೆ ಆಯುಧವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಕಲ್ಲು ಏನು ಹೇಳುತ್ತದೆ? ಭೂವಿಜ್ಞಾನಿಗಳು ಅದರ ಬಣ್ಣ, ಕಣಗಳ ರಚನೆ, ಅದರಲ್ಲಿ ಸೇರಿರುವ ಖನಿಜಗಳು ಇವುಗಳನ್ನು ಪರೀಕ್ಷಿಸಿದರು. ಅದು ಸ್ಕೋನ್ ಊರಿನ ಸುತ್ತಮುತ್ತ ನೆಲದಲ್ಲಿಯೇ ದೊರೆಯುವ ಮರಳುಗಲ್ಲು ಎಂಬುದು ಸ್ಪಷ್ಟವಾಯಿತು. ಪ್ಯಾಲೆಸ್ಟೈನಿನಿಂದಾಗಲಿ ಈಜಿಪ್ಟಿನಿಂದಾಗಲಿ ಅದು ಬಂದುದಲ್ಲ. ಕಥೆ ಎಷ್ಟೇ ದೂರ ತಿರುಗಿದ್ದರೂ ಕಲ್ಲು ಹುಟ್ಟಿದ್ದು ಹತ್ತಿರದ ಕಲ್ಲುಗಣಿಯಲ್ಲಿ.

ಈ ಫಲಿತಾಂಶದಿಂದ ಇನ್ನೊಂದು ಸಂಶಯ ಬಲಗೊಂಡಿತು. ಎಡ್ವರ್ಡ್ ಬರುವ ಸುದ್ದಿ ತಿಳಿದು ಸ್ಕೋನಿನ ಸಂನ್ಯಾಸಿಗಳು ನಿಜವಾದ ಕಲ್ಲನ್ನು ಅಡಗಿಸಿದರು, ಊರಿನ ಯಾವುದೋ ಕಲ್ಲನ್ನು ಅವನಿಗೆ ಒಪ್ಪಿಸಿದರು ಎಂದು ಅನೇಕರು ನಂಬಿದರು. ಕೇಳಲು ಇದು ಸೊಗಸಾಗಿದೆ. ಗರ್ವಿಷ್ಠನಾದ ಅರಸನು ಮೋಸಹೋದನೆಂದರೆ ಯಾರಿಗೆ ತಾನೆ ಸಂತೋಷವಾಗುವುದಿಲ್ಲ! ಆದರೆ ಒಂದು ಸಂಗತಿಯನ್ನು ಗಮನಿಸಬೇಕು. 1328ರಲ್ಲಿ ಎರಡು ರಾಜ್ಯಗಳ ನಡುವೆ ಶಾಂತಿ ಏರ್ಪಟ್ಟಾಗ ಕಲ್ಲನ್ನು ಹಿಂದಿರುಗಿಸುವಂತೆ ಇಂಗ್ಲೆಂಡಿನ ಅರಸನ ಆಜ್ಞೆಯಾಗಿತ್ತು. ಲಂಡನ್ನಿನ ಜನರ ವಿರೋಧದಿಂದ ಅದು ನಡೆಯಲಿಲ್ಲ. ನಿಜವಾದ ಕಲ್ಲು ಸ್ಕಾಟರ ಬಳಿಯೇ ಅಡಗಿದ್ದ ಪಕ್ಷದಲ್ಲಿ ಅದನ್ನು ಹೊರತೆಗೆಯಲು ಅದಕ್ಕಿಂತ ಒಳ್ಳೆಯ ಕಾಲ ಬೇರೊಂದಿರಲಿಲ್ಲ. ಯಾರೂ ಹೊರತೆಗೆಯಲಿಲ್ಲ. ಹೊರಗೆ ಬಾರದ ಆ ಕಲ್ಲು ಇತ್ತೆಂದು ನಂಬಲು ಆಧಾರವೇನು?

ಇಪ್ಪತ್ತನೆಯ ಶತಮಾನದಲ್ಲಿಯೂ ಈ ಕಲ್ಲು ಹೊಸ ಕಥೆಗಳನ್ನು ಹುಟ್ಟಿಸಿತು. 1950ರ ಕ್ರಿಸ್‌ಮಸ್ ದಿನ ಸ್ಕಾಟ್ಲೆಂಡಿನ ನಾಲ್ವರು ವಿದ್ಯಾರ್ಥಿಗಳು ಅದನ್ನು ವೆಸ್ಟ್‌ಮಿನ್‌ಸ್ಟರಿನಿಂದ ರಹಸ್ಯವಾಗಿ ಎತ್ತಿಕೊಂಡು ಹೋದರು. ಆಗ ಅದು ಎರಡು ತುಂಡಾಗಿದ್ದಿತು. ಗ್ಲಾಸ್ಗೋ ನಗರದ ಕಲ್ಲುಕುಟಿಗನೊಬ್ಬನು ಅದನ್ನು ಬೆಸೆದನು. 1951ರ ಏಪ್ರಿಲ್ ತಿಂಗಳಿನಲ್ಲಿ ಅದು ಆರ್‌ಬ್ರೋತ್ ಮಠದ ಹಾಳು ದೇಗುಲದಲ್ಲಿ ದೊರೆಯಿತು. ಹಿಂದಕ್ಕೆ ಹೋದದ್ದು ನಕಲು, ಅಸಲು ಇನ್ನೂ ಸ್ಕಾಟ್ಲೆಂಡಿನಲ್ಲಿಯೇ ಇದೆ ಎಂಬ ವದಂತಿ ಕೂಡಲೆ ಹಬ್ಬಿತು. ಆರುನೂರ ಐವತ್ತು ವರ್ಷಗಳ ಹಿಂದಿನ ಹಳೆಯ ಕಥೆಯೇ ಹೊಸ ಉಡುಪು ತೊಟ್ಟು ಬಂದಿತು, ಅಷ್ಟೆ. 1996ರಲ್ಲಿ ಕಲ್ಲನ್ನು ಅಧಿಕೃತವಾಗಿ ಸ್ಕಾಟ್ಲೆಂಡಿಗೆ ಹಿಂದಿರುಗಿಸಿದರು. 2023ರಲ್ಲಿ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕಕ್ಕಾಗಿ ಅದು ಲಂಡನ್ನಿಗೆ ಹೋಗಿ ಬಂದಿತು. 2024ರಿಂದ ಅದು ಸ್ಕೋನಿನ ಸಮೀಪದ ಪರ್ತ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ರಾಜ್ಯದ ಒಡವೆಯ ಕಥೆ ಹೀಗಾದರೆ ಮನೆತನಗಳ ಒಡವೆಗಳ ಕಥೆ ಇನ್ನೊಂದು ಬಗೆಯದು. ಲೀ ಎಂಬಲ್ಲಿನ ಲಾಕ್‌ಹಾರ್ಟ್ ಮನೆತನದವರ ಬಳಿ ‘ಲೀ ಪೆನ್ನಿ’ ಎಂಬ ರಕ್ಷಾಮಣಿಯಿದೆ. ಮುಕ್ಕೋನಾಕಾರದ ಕಡುಕೆಂಪು ಹರಳೊಂದನ್ನು ಬೆಳ್ಳಿಯ ನಾಣ್ಯದಲ್ಲಿ ಕೂಡಿಸಿ ಇದನ್ನು ಮಾಡಿದ್ದಾರೆ. ಸ್ಕಾಟ್ಲೆಂಡನ್ನು ಸ್ವತಂತ್ರಗೊಳಿಸಿದ ರಾಬರ್ಟ್ ಬ್ರೂಸ್ ದೊರೆ 1329ರಲ್ಲಿ ತೀರಿಕೊಂಡಾಗ ತನ್ನ ಹೃದಯವನ್ನು ಧರ್ಮಯುದ್ಧಕ್ಕೆ ಒಯ್ಯಬೇಕೆಂದು ಬಯಸಿದ್ದನು. ಸರ್ ಜೇಮ್ಸ್ ಡಗ್ಲಾಸ್ ಎಂಬ ವೀರನು ಅದನ್ನು ಕರಂಡಕದಲ್ಲಿರಿಸಿಕೊಂಡು ಹೊರಟನು. 1330ರಲ್ಲಿ ಸ್ಪೇನ್ ದೇಶದ ತೇಬಾ ಎಂಬಲ್ಲಿ ಕಾದಾಡಿ ಮಡಿದನು. ಇಷ್ಟು ಇತಿಹಾಸ. ಕರಂಡಕದ ಬೀಗದ ಕೈ ಸೈಮನ್ ಲಾಕ್‌ಹಾರ್ಟನ ಬಳಿ ಇತ್ತು, ಸೆರೆಸಿಕ್ಕ ಅಮೀರನೊಬ್ಬನ ಬಿಡುಗಡೆಗಾಗಿ ಅವನ ತಾಯಿ ಹಣ ಎಣಿಸುವಾಗ ಈ ಹರಳು ಚೀಲದಿಂದ ಬಿದ್ದಿತು, ಅವಳ ಗಾಬರಿಯನ್ನು ಕಂಡು ಸೈಮನ್ನನು ಅದನ್ನೂ ಕೇಳಿ ಪಡೆದನು ಎಂಬುದು ಮನೆತನದ ಐತಿಹ್ಯ.

ಈ ಹರಳನ್ನು ಅದ್ದಿದ ನೀರು ದನಕರುಗಳ ರೋಗವನ್ನೂ ಹುಚ್ಚುನಾಯಿಯ ಕಡಿತವನ್ನೂ ವಾಸಿಮಾಡುತ್ತದೆ ಎಂದು ಜನ ನಂಬಿದ್ದರು. ಹದಿನೇಳನೆಯ ಶತಮಾನದಲ್ಲಿ ಮಾಟದ ದೂರು ಕೂಡ ಬಂದಿತು. ಯಾವ ಮಂತ್ರವನ್ನೂ ಉಚ್ಚರಿಸದೆ ಬರಿದೆ ನೀರಿನಲ್ಲಿ ಅದ್ದುವುದರಿಂದ ದೋಷವಿಲ್ಲವೆಂದು ಚರ್ಚಿನವರು ಆ ದೂರನ್ನು ಕೈಬಿಟ್ಟರು. ಮಾಟಗಾತಿಯರೆಂದು ಬಡ ಹೆಂಗಸರನ್ನು ಸುಡುತ್ತಿದ್ದ ಕಾಲದಲ್ಲಿ ಶ್ರೀಮಂತರ ಮನೆಯ ಹರಳಿಗೆ ಮಾತ್ರ ಕ್ಷಮೆ ದೊರೆಯಿತೆಂಬುದನ್ನು ಮರೆಯಬಾರದು. ಮುಂದೆ ವಾಲ್ಟರ್ ಸ್ಕಾಟ್ ಎಂಬ ಪ್ರಸಿದ್ಧ ಕಾದಂಬರಿಕಾರನು 1825ರಲ್ಲಿ ‘ದಿ ಟ್ಯಾಲಿಸ್‌ಮನ್’ ಎಂಬ ಕಾದಂಬರಿಯಲ್ಲಿ ಇದರ ಕಥೆಯನ್ನು ಬಳಸಿಕೊಂಡು, ಅದನ್ನು ಸಲಾದಿನ್ ಸುಲ್ತಾನನ ಕಾಲಕ್ಕೆ ಒಯ್ದನು. ಹೀಗೆ ಹರಳಿನ ಖ್ಯಾತಿ ದೇಶದೇಶಗಳಿಗೆ ಹರಡಿತು.

ನಾಣ್ಯವನ್ನು ಬಲ್ಲವರು ನೋಡಿ ಅದು ಇಂಗ್ಲೆಂಡಿನ ನಾಲ್ಕನೆಯ ಎಡ್ವರ್ಡನ ಕಾಲದ್ದೆಂದು ಗುರುತಿಸಿದ್ದಾರೆ. ಅವನು ಪಟ್ಟವೇರಿದುದು 1461ರಲ್ಲಿ. ಎಂದರೆ ತೇಬಾ ಕಾಳಗಕ್ಕೂ ನಾಣ್ಯಕ್ಕೂ ನೂರಮೂವತ್ತು ವರ್ಷಗಳಿಗಿಂತ ಹೆಚ್ಚಿನ ಅಂತರವಿದೆ. ಇಷ್ಟರಿಂದಲೇ ಕಥೆ ಸುಳ್ಳೆಂದು ತೀರ್ಮಾನಿಸಬಹುದೆ? ಹಾಗೆ ಮಾಡುವುದು ಅವಸರವಾಗುತ್ತದೆ. ಹಳೆಯ ಹರಳನ್ನು ಹೊಸ ನಾಣ್ಯದಲ್ಲಿ ಕೂಡಿಸಿರಬಹುದು. ನಾಣ್ಯದ ಕಾಲ ಹರಳಿನ ಕಾಲವನ್ನು ತಿಳಿಸಲಾರದು. ಈಗಿರುವ ರೂಪದಲ್ಲಿ ಒಡವೆ 1330ರದ್ದಲ್ಲವೆಂಬುದನ್ನಷ್ಟೇ ತಿಳಿಸುತ್ತದೆ. ಪ್ರಮಾಣ ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆಯೋ ಅಲ್ಲಿಯವರೆಗೆ ಮಾತ್ರ ಹೋಗಿ ನಿಲ್ಲುವುದು ವಿವೇಕ. ಬ್ರೂಸನ ಹೃದಯಕ್ಕೆ ಬೀಗ ಹಾಕಿದುದರಿಂದ ‘ಲಾಕ್‌ಹಾರ್ಟ್’ ಎಂಬ ಹೆಸರು ಬಂದಿತೆಂಬ ಮಾತು ಮಾತ್ರ ನಿಲ್ಲುವುದಿಲ್ಲ. ಏಕೆಂದರೆ ಹನ್ನೆರಡನೆಯ ಶತಮಾನದಲ್ಲಿಯೇ ಸೈಮನ್ ಲೊಕಾರ್ಡ್ ಎಂಬ ಜಮೀನುದಾರನಿದ್ದನು. ಸಿಮಿಂಗ್ಟನ್ ಎಂಬ ಊರಿಗೆ ಅವನಿಂದಲೇ ಹೆಸರು ಬಂದಿದೆ. ಹೆಸರು ಮೊದಲು, ಹೃದಯದ ಕಥೆ ಆಮೇಲೆ.

ಬ್ರೂಸನ ಹೆಸರನ್ನೇ ಹೇಳುವ ಇನ್ನೊಂದು ಒಡವೆ ‘ಲಾರ್ನ್ ಪದಕ’. ಹೊದಿಕೆಯನ್ನು ಹೆಗಲಿನ ಬಳಿ ಸಿಕ್ಕಿಸಲು ಬಳಸುವ ಬೆಳ್ಳಿಯ ಸೂಜಿಪದಕವಿದು. ನಡುವೆ ದೊಡ್ಡ ಸ್ಫಟಿಕವಿದೆ. 1306ರ ಕಾಳಗವೊಂದರಲ್ಲಿ ಮ್ಯಾಕ್‌ಡೂಗಲ್ ಕುಲದವರು ಬ್ರೂಸನನ್ನು ಹಿಡಿದಾಗ ಅವನು ಹೊದಿಕೆಯನ್ನು ಅವರ ಕೈಯಲ್ಲಿಯೇ ಬಿಟ್ಟು ತಪ್ಪಿಸಿಕೊಂಡನು, ಅದರೊಡನೆ ಈ ಪದಕವೂ ಉಳಿಯಿತು ಎನ್ನುತ್ತಾರೆ. ಅದರ ಕುಸುರಿ ಕೆಲಸದ ರೀತಿಯಾದರೋ ಬ್ರೂಸನಿಗೆ ಇನ್ನೂರು ವರ್ಷಗಳಾದರೂ ಈಚಿನದೆಂಬುದು ಬಲ್ಲವರ ಅಭಿಪ್ರಾಯ. ಅದೇ ಮಾದರಿಯ ಬೇರೆ ಪದಕಗಳೂ ಹೈಲ್ಯಾಂಡಿನಲ್ಲಿ ದೊರೆತಿವೆ. ಅಕ್ಕಸಾಲಿಗನ ಕೈಗೆ ತನ್ನ ಕಾಲದ ಗುರುತು ಇರುತ್ತದೆ; ಕಥೆಗಾರನ ನಾಲಿಗೆ ಅದನ್ನು ಅಳಿಸಲಾರದು.

ಪಶ್ಚಿಮದ ಸ್ಕೈ ದ್ವೀಪದಲ್ಲಿ ಡನ್‌ವೆಗನ್ ಕೋಟೆಯಿದೆ. ಅದು ಮೆಕ್ಲೌಡ್ ಕುಲದವರ ನೆಲೆ. ಈ ಕುಲಕ್ಕೂ ಕನ್ನಡನಾಡಿಗೂ ಒಂದು ಸಂಬಂಧವುಂಟು. 1783ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಒಳಗಿದ್ದ ಇಂಗ್ಲಿಷ್ ಪಡೆಯ ನೆರವಿಗೆಂದು ಹಡಗುಗಳೊಡನೆ ಬಂದ ನಾರ್ಮನ್ ಮೆಕ್ಲೌಡ್ ಈ ಕುಲದ ನಾಯಕನೇ ಆಗಿದ್ದನು. ಅವನ ಕೋಟೆಯಲ್ಲಿ ‘ಕಿನ್ನರಿಯ ಧ್ವಜ’ವೆಂಬ ಒಡವೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಅದು ಸುಮಾರು ಹದಿನೆಂಟು ಅಂಗುಲ ಚೌಕದ, ಕಂದು ಹಳದಿ ಬಣ್ಣಕ್ಕೆ ತಿರುಗಿದ, ಹರಿದು ಜೀರ್ಣವಾದ ರೇಷ್ಮೆಯ ತುಂಡು. ಕುಲನಾಯಕನೊಬ್ಬನನ್ನು ವರಿಸಿದ್ದ ಕಿನ್ನರಿ ಇಪ್ಪತ್ತು ವರ್ಷಗಳ ಬಳಿಕ ತನ್ನ ಲೋಕಕ್ಕೆ ಮರಳುವಾಗ ಇದನ್ನು ಕೊಟ್ಟಳೆಂದು ಒಂದು ಕಥೆ. ತೊಟ್ಟಿಲಿನ ಮಗುವಿಗೆ ಇದನ್ನು ಹೊದಿಸಿ ಜೋಗುಳ ಹಾಡಿದಳೆಂದು ಇನ್ನೊಂದು ಕಥೆ. ಕುಲಕ್ಕೆ ಆಪತ್ತು ಒದಗಿದಾಗ ಇದನ್ನು ಬಿಚ್ಚಿ ಬೀಸಿದರೆ ನೆರವು ಬರುತ್ತದೆ. ಮೂರು ಸಲ ಮಾತ್ರ ಹಾಗೆ ಮಾಡಬಹುದು. ಎರಡು ಸಲ ಆಗಿಹೋಗಿದೆ, ಒಂದು ಸಲ ಉಳಿದಿದೆ ಎಂಬುದು ನಂಬಿಕೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ವೇಸ್ ಎಂಬ ವಿದ್ವಾಂಸರು ಈ ಧ್ವಜವನ್ನು ಪರೀಕ್ಷಿಸಿದರು. ರೇಷ್ಮೆ ಸಿರಿಯಾ ಅಥವಾ ರೋಡ್ಸ್ ಪ್ರದೇಶದ್ದಿರಬೇಕೆಂದು ಅವರಿಗೆ ತೋರಿತು. ಹರಿದ ಕಡೆಗಳಲ್ಲಿ ಬಹಳ ನಯವಾಗಿ ದಾರ ತುಂಬಿ ಹೊಲಿದಿದ್ದುದನ್ನು ಕಂಡು, ಇದು ಒಂದು ಕಾಲದಲ್ಲಿ ಸಂತನೊಬ್ಬನ ಪವಿತ್ರ ಅಂಗಿಯಾಗಿದ್ದಿರಬಹುದೆಂದು ಊಹಿಸಿದರು. ನಾರ್ವೆಯ ಅರಸನೊಬ್ಬನು ಕಾನ್‌ಸ್ಟಾಂಟಿನೋಪಲ್ ನಗರದಿಂದ ತಂದಿದ್ದ ಬಟ್ಟೆ ಇದಾಗಿರಬಹುದೆಂದು ಅವರು ಹೇಳಿದಾಗ ಕುಲನಾಯಕರಾದ ಸರ್ ರೆಜಿನಾಲ್ಡ್ ಮೆಕ್ಲೌಡ್, ನೀವು ಹಾಗೆ ನಂಬಬಹುದು, ನನ್ನ ಪೂರ್ವಿಕರಿಗೆ ಕಿನ್ನರಿಯರೇ ಇದನ್ನು ಕೊಟ್ಟರೆಂಬುದನ್ನು ನಾನು ಬಲ್ಲೆ ಎಂಬ ಅರ್ಥದ ಉತ್ತರ ಕೊಟ್ಟರೆಂದೂ, ವೇಸ್ ಅವರು ತಮಗಿಂತ ಹೆಚ್ಚಿನ ಆ ಜ್ಞಾನಕ್ಕೆ ತಲೆಬಾಗಿದರೆಂದೂ ಪ್ರತೀತಿಯಿದೆ. ಇಬ್ಬರೂ ಸೌಜನ್ಯವನ್ನು ಬಿಡಲಿಲ್ಲ. ವಿದ್ವಾಂಸರು ತಮ್ಮ ತೀರ್ಮಾನವನ್ನು ಬದಲಿಸಲೂ ಇಲ್ಲ, ಆತಿಥೇಯರ ಮನಸ್ಸನ್ನು ನೋಯಿಸಲೂ ಇಲ್ಲ. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕುಲದ ಕೆಲವು ಯುವಕರು ಧ್ವಜದ ಭಾವಚಿತ್ರವನ್ನು ಜೇಬಿನಲ್ಲಿರಿಸಿಕೊಂಡು ರಣರಂಗಕ್ಕೆ ಹೋದರು. ಸಾವಿನ ಮುಂದೆ ನಿಂತವನಿಗೆ ಧೈರ್ಯ ಕೊಟ್ಟ ನಂಬಿಕೆಯನ್ನು ನೋಡಿ ನಗುವುದು ಸಲ್ಲದು. ಧೈರ್ಯ ಕೊಟ್ಟಿತೆಂಬ ಕಾರಣಕ್ಕೆ ಕಿನ್ನರಿಯನ್ನು ಇತಿಹಾಸದ ಪುಟಕ್ಕೆ ಸೇರಿಸುವುದೂ ಸಲ್ಲದು.

ಅದೇ ಕೋಟೆಯಲ್ಲಿ ಬೆಳ್ಳಿಯ ಕಟ್ಟುಗಳಿಂದ ಅಲಂಕೃತವಾದ ಮರದ ಪಾನಪಾತ್ರೆಯೊಂದಿದೆ. ಅದರ ಅಂಚಿನ ಮೇಲೆ ಹಳೆಯ ಗಾಥಿಕ್ ಅಕ್ಷರಗಳಲ್ಲಿ ಲ್ಯಾಟಿನ್ ಬರಹವಿದೆ. ಆ ಬರಹವನ್ನು ಸ್ಕಾಟ್ ತಪ್ಪಾಗಿ ಓದಿದನು. ಅವನಿಗೆ ಅಲ್ಲಿ ಮ್ಯಾನ್ ದ್ವೀಪದ ರಾಜಕುಮಾರನೊಬ್ಬನ ಹೆಸರೂ 993 ಎಂಬ ವರ್ಷವೂ ಕಂಡುವು. ಕಾಲಾನಂತರದಲ್ಲಿ ಲಿಪಿತಜ್ಞರು ಸರಿಯಾಗಿ ಓದಿದರು. ಐರ್ಲೆಂಡಿನ ಫರ್ಮಾನಾ ಪ್ರಾಂತದ ಒಡೆಯನಾದ ಜಾನ್ ಮಗ್ವಯರನ ಪತ್ನಿ ಕ್ಯಾಥರೀನ್ ಎಂಬವಳು 1493ರಲ್ಲಿ ಇದನ್ನು ಮಾಡಿಸಿದಳೆಂದು ಅಲ್ಲಿ ಬರೆದಿತ್ತು. ಐದುನೂರು ವರ್ಷಗಳ ಪ್ರಾಚೀನತೆ ಒಮ್ಮೆಲೇ ಕರಗಿಹೋಯಿತು. ಕರಗಿದುದಕ್ಕೆ ಪ್ರತಿಯಾಗಿ ದೊರೆತುದೇನು? ಎಂದೂ ಇಲ್ಲದ ರಾಜಕುಮಾರನೊಬ್ಬನು ಮರೆಯಾಗಿ, ನಿಜವಾಗಿ ಬಾಳಿದ ಹೆಣ್ಣುಮಗಳೊಬ್ಬಳು ತನ್ನ ಹೆಸರಿನೊಡನೆ ಬೆಳಕಿಗೆ ಬಂದಳು. ತಪ್ಪಾದ ಓದು ಅವಳ ಒಡವೆಯನ್ನು ಅವಳಿಂದ ಕಿತ್ತುಕೊಂಡಿತ್ತು. ಸರಿಯಾದ ಓದು ಅದನ್ನು ಹಿಂದಿರುಗಿಸಿತು.

ಇದುವರೆಗಿನ ಕಥೆಗಳು ತಾವಾಗಿ ಬೆಳೆದುವು. ಬೇಕೆಂದೇ ಕಟ್ಟಿದ ಕಥೆಗಳೂ ಉಂಟು. 1746ರಲ್ಲಿ ಕಲೋಡನ್ ಬಯಲಿನಲ್ಲಿ ಸ್ಟುವರ್ಟ್ ರಾಜಕುಮಾರ ಚಾರ್ಲ್ಸನ ಪಡೆ ಸೋತ ಮೇಲೆ, ಹೈಲ್ಯಾಂಡಿನ ಗಂಡಸರು ತಮ್ಮ ಸಾಂಪ್ರದಾಯಿಕ ಉಡುಪನ್ನು ತೊಡಬಾರದೆಂದು ಸರ್ಕಾರ ಕಾನೂನು ಮಾಡಿತು. ಅದು 1782ರಲ್ಲಿ ರದ್ದಾಯಿತು. ಕಳೆದುಕೊಂಡುದನ್ನು ಮರಳಿ ಪಡೆಯಬೇಕೆಂಬ ಹಂಬಲ ಜನರಲ್ಲಿ ತೀವ್ರವಾಗಿತ್ತು. ಆ ಸಮಯದಲ್ಲಿ ಇಬ್ಬರು ಸಹೋದರರು ತಾವು ರಾಜಕುಮಾರ ಚಾರ್ಲ್ಸನ ಮೊಮ್ಮಕ್ಕಳೆಂದು ಹೇಳಿಕೊಂಡು ಬಂದರು. ತಮ್ಮ ಬಳಿ 1571ರ ಹಸ್ತಪ್ರತಿಯೊಂದಿದೆ, ಯಾವ ಕುಲಕ್ಕೆ ಯಾವ ಚೌಕಳಿ ಎಂಬುದು ಅದರಲ್ಲಿದೆ ಎಂದು ಸಾರಿದರು. 1842ರಲ್ಲಿ ಅದನ್ನು ‘ವೆಸ್ಟಿಯೇರಿಯಂ ಸ್ಕೋಟಿಕಂ’ ಎಂಬ ಹೆಸರಿನಲ್ಲಿ ಅಚ್ಚುಮಾಡಿದರು. ಮೂಲ ಹಸ್ತಪ್ರತಿಯನ್ನು ತೋರಿಸಿರೆಂದು ಕೇಳಿದವರಿಗೆ ಅದು ಎಂದೂ ಕಾಣಲಿಲ್ಲ. ಗ್ರಂಥ ಕೃತಕವೆಂದು ವಿದ್ವಾಂಸರು ನಿರ್ಧರಿಸಿದರು. ಸಹೋದರರ ರಾಜವಂಶವೂ ಕಟ್ಟುಕಥೆಯೆಂದು ತಿಳಿಯಿತು. ಹೀಗಿದ್ದರೂ ಪುರಾತನವೆಂದು ಇಂದು ಅನೇಕ ಕುಲದವರು ಹೆಮ್ಮೆಯಿಂದ ತೊಡುವ ಚೌಕಳಿಗಳು ಆ ಪುಸ್ತಕದಿಂದಲೇ ಬಂದಿವೆ. ಹಸಿದವನಿಗೆ ರುಚಿಯ ವಿಚಾರ ಹೊಳೆಯುವುದಿಲ್ಲ. ಹೆಮ್ಮೆಗಾಗಿ ಹಸಿದವನಿಗೆ ಪ್ರಮಾಣದ ವಿಚಾರ ಹೊಳೆಯುವುದಿಲ್ಲ.

ಈ ಎಲ್ಲ ಒಡವೆಗಳಿಂದ ಕೆಲವು ಪ್ರಶ್ನೆಗಳನ್ನು ಕಲಿಯಬಹುದು. ವಸ್ತುವನ್ನು ಯಾವುದರಿಂದ ಮಾಡಿದೆ, ಆ ಪದಾರ್ಥ ಎಲ್ಲಿ ದೊರೆಯುತ್ತದೆ? ಅದರ ಕೆಲಸಗಾರಿಕೆ ಯಾವ ಕಾಲದ್ದು? ಕಥೆಯನ್ನು ಮೊದಲು ಬರೆದಿಟ್ಟವರು ಯಾರು, ನಡೆದ ಘಟನೆಗೂ ಬರಹಕ್ಕೂ ಎಷ್ಟು ವರ್ಷಗಳ ಅಂತರ? ಒಂದೇ ವಸ್ತುವಿಗೆ ಒಂದಕ್ಕೊಂದು ಹೊಂದದ ಕಥೆಗಳಿವೆಯೆ? ಕಥೆ ನಿಜವೆಂದಾದರೆ ಯಾರಿಗೆ ಲಾಭ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯ ತಿರುಳೂ ಇದೇ. ಈ ಪ್ರಶ್ನೆಗಳನ್ನು ಇತರರ ಒಡವೆಗಳಿಗೆ ಹಾಕುವುದು ಸುಲಭ. ತನ್ನ ಮನೆಯ, ತನ್ನ ಕುಲದ, ತನ್ನ ನಾಡಿನ ಒಡವೆಗಳಿಗೆ ಹಾಕುವುದು ಕಷ್ಟ. ಆ ಕಷ್ಟವನ್ನು ಕೈಗೊಂಡವನೇ ನಿಜವಾದ ಜಿಜ್ಞಾಸು.

ಪ್ರಶ್ನಿಸಿದರೆ ಪೂರ್ವಿಕರಿಗೆ ಅಗೌರವವಾಗುವುದೆಂದು ಕೆಲವರು ಅಂಜುತ್ತಾರೆ. ಆ ಅಂಜಿಕೆಗೆ ಕಾರಣವಿಲ್ಲ. ಯಾಕೋಬನ ದಿಂಬಲ್ಲವೆಂದು ತಿಳಿದ ಮೇಲೆಯೂ ಸ್ಕೋನಿನ ಕಲ್ಲಿನ ಗೌರವ ಕುಂದಿಲ್ಲ. ಅದು ನಿಜವಾಗಿ ಕಂಡ ಪಟ್ಟಾಭಿಷೇಕ, ಸೋಲು, ಸೆರೆ, ಬಿಡುಗಡೆಗಳೇ ಅದರ ಹಿರಿಮೆಗೆ ಸಾಕು. ಆ ಕಲ್ಲನ್ನು ಕಡಿದ ಕಲ್ಲುಕುಟಿಗ, ರೇಷ್ಮೆಯ ಹರಕಿಗೆ ಎಳೆ ಎಳೆಯಾಗಿ ದಾರ ತುಂಬಿದ ಕೈಗಳು, ಪದಕವನ್ನು ಕೆತ್ತಿದ ಅಕ್ಕಸಾಲಿಗ, ಪಾತ್ರೆಯ ಮೇಲೆ ತನ್ನ ಹೆಸರು ಬರೆಯಿಸಿದ ಕ್ಯಾಥರೀನ್ ಇವರೂ ಪೂರ್ವಿಕರೇ. ಕಟ್ಟುಕಥೆಗಳ ನೆರಳಿನಲ್ಲಿ ಮೊದಲು ಮರೆಯಾಗುವವರು ಇಂತಹವರೇ. ಐತಿಹ್ಯವನ್ನು ಐತಿಹ್ಯವೆಂದು ಸವಿದು, ಇತಿಹಾಸವನ್ನು ಇತಿಹಾಸವೆಂದು ಅರಿತಾಗ ಅವರಿಗೂ ಸಲ್ಲಬೇಕಾದ ಗೌರವ ಸಲ್ಲುತ್ತದೆ.